ಅಸದ್ ಬೇಗನ ಬೆಳ್ಳಿಯ ಹರಿವಾಣ

ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವನಿಗೆ ತಂಬಾಕಿನ ಘಾಟು ಹೊಸತಲ್ಲ. ಸೊಪ್ಪು ಒಣಗಿ ಊರಿಗೆ ಬರುವ ಕಾಲದಲ್ಲಿ ವಖಾರಗಳಿಂದ ಎದ್ದ ಧೂಳು ಬೀದಿಯ ತುಂಬ ಹರಡಿರುತ್ತಿತ್ತು. ನಾವು ಹುಡುಗರು ಸೀನುತ್ತಲೇ ಮಗ್ಗಿ ಒಪ್ಪಿಸಿದವರು. ನನ್ನ ತಾಯಿ ಅಂಥದೊಂದು ವಖಾರದಲ್ಲಿ ಜರಡಿ ಹಿಡಿದವಳು. ಈ ಸೊಪ್ಪನ್ನು ನಮ್ಮ ಸೀಮೆಗೆ ತಂದವರು ಯಾರೆಂದು ಒಮ್ಮೆ ಕೇಳಿದಾಗ, ತಂದವರು ಯಾರಾದರೇನು, ಜರಡಿ ಹಿಡಿಯುವುದು ತನಗೆ ತಪ್ಪಿತೇ ಎಂದು ಅವಳು ನಕ್ಕುಬಿಟ್ಟಿದ್ದಳು.

ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊದಲು ನಮ್ಮ ಕಡೆಯ ನ್ಯಾಯಾಲಯವೊಂದರ ಹಳೆಯ ಕಾಗದಗಳನ್ನು ತಿರುವಿ ಹಾಕಿದೆ. ಸಾಲ, ತೂಕ, ಮುಂಗಡದ ತಕರಾರುಗಳ ನಡುವೆ ತಂಬಾಕಿನ ಹೆಸರು ಹೇರಳವಾಗಿ ಸಿಕ್ಕಿತು. ಅದರ ಮೂಲ ಸಿಕ್ಕಲಿಲ್ಲ. ಕೊನೆಗೆ ನ್ಯಾಯಾಲಯದ ದಫ್ತರವನ್ನು ಕಟ್ಟಿಟ್ಟು ಅರಸರ ಆಸ್ಥಾನದ ದಾಖಲೆಗಳತ್ತ ಹೊರಳಿದೆ. ಎಲಿಯಟ್ ಮತ್ತು ಡೌಸನ್ ಅವರು ಸಂಪಾದಿಸಿದ ಗ್ರಂಥಮಾಲೆಯ ಆರನೆಯ ಸಂಪುಟದಲ್ಲಿ ನನಗೆ ಎದುರಾದವನು ಅಸದ್ ಬೇಗ್.

ಚರಿತ್ರೆಯ ವಿದ್ಯಾರ್ಥಿಗಳಿಗೆ ಅವನು ಅಪರಿಚಿತನಲ್ಲ. ಪರ್ಷಿಯಾದ ಕಜ್ವೀನ್ ಪಟ್ಟಣದವನು. ಹಿಂದೂಸ್ಥಾನಕ್ಕೆ ಬಂದು ಅಕ್ಬರನ ಮಂತ್ರಿಯೂ ಮಹಾಪಂಡಿತನೂ ಆದ ಅಬುಲ್ ಫಜಲನಲ್ಲಿ ಹದಿನೇಳು ವರ್ಷ ಸೇವೆ ಮಾಡಿದನು. 1602ರಲ್ಲಿ, ರಾಜಕುಮಾರ ಸಲೀಮನ ಪ್ರೇರಣೆಯಿಂದ ಬುಂದೇಲರ ಬೀರ್‌ಸಿಂಗನು ಅಬುಲ್ ಫಜಲನನ್ನು ದಾರಿಯಲ್ಲಿ ಅಡ್ಡಗಟ್ಟಿ ಕೊಂದನು. ಆಗ ಅಸದ್ ಬೇಗನು ಒಡೆಯನ ಬಳಿಯಿರಲಿಲ್ಲ. ಒಡೆಯನೇ ಅವನನ್ನು ಹಿಂದೆ ಬಿಟ್ಟು ಹೋಗಿದ್ದನು. ಆದರೂ ಅಕ್ಬರನ ಕೋಪ ಮೊದಲು ಎರಗಿದ್ದು ಅವನ ಮೇಲೆ. ಆ ಕೋಪವನ್ನು ಅವನು ಕರಗಿಸಿಕೊಂಡ ಬಗೆ ನೋಡತಕ್ಕದ್ದು. ಕೆಲವೇ ದಿನಗಳಲ್ಲಿ ಅದೇ ಚಕ್ರವರ್ತಿಯ ನೇರ ಸೇವೆಗೆ ಸೇರಿದನು. ಮುತ್ತಿಗೆಗೆ ಸಿಕ್ಕಿದ್ದ ಬೀರ್‌ಸಿಂಗನು ಎರಿಚ್ ಕೋಟೆಯಿಂದ ತಪ್ಪಿಸಿಕೊಂಡು ಹೋದಾಗ, ಯಾರ ತಪ್ಪಿನಿಂದ ಹೀಗಾಯಿತೆಂದು ವಿಚಾರಣೆ ಮಾಡುವ ಹೊಣೆಯೂ ಅವನ ಪಾಲಿಗೇ ಬಂದಿತು. ಅವನು ಹೋಗಿ ವಿಚಾರಿಸಿ ಬಂದು, ದ್ರೋಹ ಬಗೆದವರು ಯಾರೂ ಇಲ್ಲ, ಅಲಕ್ಷ್ಯ ಮಾತ್ರ ಎಲ್ಲರದೂ ಹೌದು ಎಂದು ಅರಿಕೆ ಮಾಡಿಕೊಂಡನು. ಎಲ್ಲರ ತಪ್ಪೆಂದರೆ ಯಾರ ತಲೆಯೂ ಉರುಳುವುದಿಲ್ಲ. ಈ ಜಾಣತನವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮರುವರ್ಷ ಅವನನ್ನು ವಿಜಾಪುರಕ್ಕೆ ಕಳುಹಿಸಲಾಯಿತು. ಎರಡನೆಯ ಇಬ್ರಾಹಿಂ ಆದಿಲ್ ಶಹನ ಮಗಳನ್ನು ರಾಜಕುಮಾರ ದಾನಿಯಾಲನಿಗೆ ಮದುವೆ ಮಾಡಿಕೊಡುವ ಮಾತಾಗಿತ್ತು. ಅದಕ್ಕೆಂದು ಮೊದಲೇ ಹೋಗಿದ್ದ ಮೊಗಲ್ ಸರದಾರನು ಉಡುಗೊರೆಗಳ ರುಚಿ ಹತ್ತಿ ಅಲ್ಲಿಯೇ ಕಾಲ ಕಳೆಯುತ್ತಿದ್ದನು. ಅಸದ್ ಬೇಗನು ಕಂಡ ವಿಜಾಪುರ ಕಣ್ಣಿಗೆ ಹಬ್ಬ: ಎರಡು ಹರಿದಾರಿ ಉದ್ದದ ಅಗಲವಾದ ಪೇಟೆ, ಅಂಗಡಿಯ ಮುಂದೆಲ್ಲ ಹಸಿರು ಗಿಡ, ರತ್ನಪಡಿ, ಆಯುಧ, ಅತ್ತರು, ಮದ್ಯದ ಮಳಿಗೆಗಳು. ಸಂಗೀತದಲ್ಲಿ ಮುಳುಗಿದ್ದ ಸುಲ್ತಾನನು ರಾಜಕಾರಣಕ್ಕಿಂತ ಹೆಚ್ಚಾಗಿ ತಾನಸೇನನ ವಿಷಯ ವಿಚಾರಿಸಿದನು. ದಿಬ್ಬಣವೇನೋ ಹೊರಟಿತು, ಇತಿಹಾಸಕಾರ ಫೆರಿಸ್ತಾನೂ ಅದರ ಜೊತೆಗಿದ್ದನು. 1604ರಲ್ಲಿ ಗೋದಾವರಿಯ ದಂಡೆಯ ಮೇಲೆ ಮದುವೆಯಾಯಿತು. ಕುಡಿತಕ್ಕೆ ಬಲಿಯಾಗಿ ದಾನಿಯಾಲನು ಮರುವರ್ಷವೇ ತೀರಿಕೊಂಡನು. ಪಾಪ, ಆ ಹುಡುಗಿಯ ಗತಿಯನ್ನು ಕುರಿತು ಚಿಂತಿಸಲು ಆಸ್ಥಾನಗಳಿಗೆ ಪುರುಸೊತ್ತಿರಲಿಲ್ಲ.

ವಿಜಾಪುರದಲ್ಲಿ ಅಸದ್ ಬೇಗನಿಗೆ ತಂಬಾಕು ದೊರೆಯಿತು. ಹಿಂದೂಸ್ಥಾನದಲ್ಲಿ ಅಂಥದನ್ನು ಅವನು ಎಂದೂ ಕಂಡಿರಲಿಲ್ಲ. ನಾನು ಪುಸ್ತಕ ಮುಚ್ಚಿ ಎದ್ದುನಿಂತದ್ದು ಈ ಪುಟದಲ್ಲಿ. ಹೊಗೆಸೊಪ್ಪು ಮೊಗಲರಿಂದ ನಮಗೆ ಬಂದದ್ದಲ್ಲ. ನಮ್ಮಿಂದ ಮೊಗಲರಿಗೆ ಹೋದದ್ದು! ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆ ಆಗ ಆದಿಲ್ ಶಾಹಿಗೆ ಸೇರಿತ್ತು. 1510ರಲ್ಲಿ ಅದೇ ಮನೆತನದಿಂದ ಪೋರ್ತುಗೀಜರು ಕಸಿದುಕೊಂಡಿದ್ದ ಗೋವೆಗೂ ವಿಜಾಪುರಕ್ಕೂ ನಡುವಣ ದಾರಿ ಘಟ್ಟ ಹತ್ತಿ, ರಾಯಬಾಗ, ಅಥಣಿಗಳ ಮೇಲೆ ಹಾಯುತ್ತಿತ್ತು. ಮುಂದೆ ಅದೇ ಶತಮಾನದಲ್ಲಿ ಮೆಣಸಿಗಾಗಿ ಇಂಗ್ಲಿಷ್ ವರ್ತಕರು ರಾಯಬಾಗಕ್ಕೆ ಬಂದದ್ದೂ ಈ ಪೇಟೆಗಳ ಹೆಸರು ಕೇಳಿಯೇ. ಅಟ್ಲಾಂಟಿಕ್ ಸಾಗರದ ಆಚೆಯ ಗಿಡ ಪೋರ್ತುಗೀಜರ ಹಡಗೇರಿ ಗೋವೆಯಲ್ಲಿ ಇಳಿಯಿತು. ಅಲ್ಲಿಂದ ವಿಜಾಪುರದ ಅರಮನೆಗೆ ಅದು ಯಾವ ಎತ್ತಿನ ಬೆನ್ನ ಮೇಲೆ ಬಂದಿತೆಂಬುದನ್ನು ನಮ್ಮೂರಿನ ಹಾದಿಗಳಲ್ಲಿ ಓಡಾಡಿದವರು ಊಹಿಸಬಲ್ಲರು. ತಂಬಾಕು ಎಂಬ ಮಾತೇ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ನಾಲಗೆಯಿಂದ ಹೊರಟು, ಪೋರ್ತುಗೀಜ್, ಪಾರಸಿಗಳನ್ನು ದಾಟಿ ನಮ್ಮ ಬಾಯಿಗೆ ಬಂದುದೆಂದು ಪಂಡಿತರ ಮತ.

ಅಸದ್ ಬೇಗನು ಸೊಪ್ಪನ್ನು ಬರಿಗೈಯಲ್ಲಿ ಒಯ್ಯಲಿಲ್ಲ. ಸುಮಾತ್ರ ದ್ವೀಪದ ಅಚಿನ್ ರಾಜ್ಯದಿಂದ ಬಂದ ಮೂರು ಮೊಳದ ನಳಿಗೆ. ಅದರ ಎರಡು ತುದಿಗೂ ರತ್ನ, ಮೀನಾಕಾರಿಯ ಕೆಲಸ. ಬಾಯಿಗಿಡುವಲ್ಲಿ ಯೆಮನ್ ದೇಶದ ಕೆಂಪು ಹರಳು. ಕೆಂಡಕ್ಕೆ ಬಂಗಾರದ ಬಟ್ಟಲು. ಆದಿಲ್ ಶಹನು ಕೊಟ್ಟಿದ್ದ ಎಲೆಯಡಿಕೆಯ ಚಂಚಿಯಲ್ಲಿ ಉತ್ತಮವಾದ ಸೊಪ್ಪು ತುಂಬಿಸಿ, ಎಲ್ಲವನ್ನೂ ಬೆಳ್ಳಿಯ ಹರಿವಾಣದಲ್ಲಿ ಓರಣವಾಗಿ ಇರಿಸಿ ಆಗ್ರಾದಲ್ಲಿ ಅಕ್ಬರನ ಮುಂದೆ ಹಿಡಿದನು. ಚಕ್ರವರ್ತಿಗೆ ಕುತೂಹಲವಾಯಿತು. ಇದು ಮಕ್ಕಾ ಮದೀನಗಳಲ್ಲಿ ಬಳಕೆಯಲ್ಲಿರುವ ಪದಾರ್ಥ, ಔಷಧವೆಂದು ತಂದಿದ್ದಾನೆ ಎಂದು ಹಿರಿಯ ಸರದಾರನೊಬ್ಬನು ವಿವರಿಸಿದನು. ದೂತನ ಮನಸ್ಸು ನೋಯಬಾರದೆಂದು ಅಕ್ಬರನು ಎರಡು ಮೂರು ಸಲ ಎಳೆದನು.

ಆಗ ವೈದ್ಯನು ತಡೆದನು. ನಮ್ಮ ಹಿರಿಯರ ಗ್ರಂಥಗಳಲ್ಲಿ ಇದರ ಮಾತಿಲ್ಲ, ಗುಣವನ್ನು ಪರೀಕ್ಷಿಸದ ವಸ್ತುವನ್ನು ಅರಸನಿಗೆ ಹೇಗೆ ಕೊಡುವುದೆಂಬುದು ಅವನ ವಾದ. ಅಸದ್ ಬೇಗನ ನಾಲಗೆ ಇಲ್ಲಿಯೂ ಚುರುಕಾಯಿತು. ಯುರೋಪಿನವರು ಇದನ್ನು ಅರಿಯದಷ್ಟು ಮೂಢರಲ್ಲ. ಲೋಕದಲ್ಲಿ ಯಾವ ಪದ್ಧತಿ ತಾನೇ ಮೊದಲು ಹೊಸತಾಗಿರಲಿಲ್ಲ ಎಂದು ಅವನು ಕೇಳಿದನು. ಸಭೆ ತಲೆದೂಗಿತು, ಅರಸನೂ ಮೆಚ್ಚಿದನು. ಎರಿಚ್ ಕೋಟೆಯ ತಪ್ಪನ್ನು ಎಲ್ಲರಿಗೂ ಹಂಚಿ ಹಗುರ ಮಾಡಿದ ನಾಲಗೆಯೇ ಇದು. ಅವನು ದುಷ್ಟನಲ್ಲ, ಎದುರಿಗಿದ್ದವರನ್ನು ಮೆಚ್ಚಿಸುವುದರಲ್ಲಿ ಎಂದೂ ಸೋಲದವನು. ಉಳಿದ ಸೊಪ್ಪನ್ನು ಸರದಾರರಿಗೆ ಹಂಚಿದನು, ಅವರು ಮತ್ತೆ ಮತ್ತೆ ಕೇಳಿದರು, ವರ್ತಕರು ಮಾರತೊಡಗಿದರು. 1605ರಲ್ಲಿ ಅಕ್ಬರನು ಕಾಲವಾದ ಮೇಲೆ ಪಟ್ಟವೇರಿದವನು, ಅಬುಲ್ ಫಜಲನನ್ನು ಕೊಲ್ಲಿಸಿದ ಆ ಸಲೀಮನೇ, ಜಹಾಂಗೀರನೆಂಬ ಹೆಸರಿನಿಂದ. ಅವನ ಆಳಿಕೆಯಲ್ಲಿಯೂ ಅಸದ್ ಬೇಗನು ಪೇಶ್ರೌ ಖಾನ್ ಎಂಬ ಬಿರುದು ಪಡೆದು ಬಾಳಿದನು. 1617ರಲ್ಲಿ ಜಹಾಂಗೀರನು ಹೊಗೆಸೊಪ್ಪನ್ನು ನಿಷೇಧಿಸಿದನು, ಯಾರೂ ಬಿಡಲಿಲ್ಲ. 1674ರ ಹೊತ್ತಿಗೆ ಲಿಸ್ಬನ್ನಿನಲ್ಲಿ ಇದರ ಆಡಳಿತಕ್ಕೆಂದೇ ಒಂದು ಸರಕಾರಿ ಮಂಡಳಿ ಏರ್ಪಟ್ಟಿತು. ನಮ್ಮ ನಿಪ್ಪಾಣಿಯಲ್ಲಿ ತಂಬಾಕಿನ ಬೆಲೆಗಾಗಿ ರೈತರು ಹೆದ್ದಾರಿಯಲ್ಲಿ ಕುಳಿತದ್ದು, ಗುಂಡೇಟಿಗೆ ಬಿದ್ದದ್ದು 1981ರಲ್ಲಿ.

ಈ ಕಥೆಯನ್ನು ನಾನು ತಾಯಿಗೆ ಓದಿ ಹೇಳಿದಾಗ ಅವಳಿಗೆ ವಖಾರದ ಕೆಲಸ ಬಿಟ್ಟು ಬಹಳ ವರ್ಷಗಳಾಗಿದ್ದವು. ಕೆಮ್ಮು ಮಾತ್ರ ಬಿಟ್ಟಿರಲಿಲ್ಲ. ಬೆಳ್ಳಿಯ ಹರಿವಾಣ, ಬಂಗಾರದ ಬಟ್ಟಲುಗಳ ವರ್ಣನೆ ಅವಳ ಮನಸ್ಸನ್ನು ಸೆಳೆಯಲಿಲ್ಲ. ಆ ವೈದ್ಯನ ಮಾತನ್ನು ಒಬ್ಬರೂ ಕೇಳಲಿಲ್ಲವೇ ಎಂದಷ್ಟೇ ವಿಚಾರಿಸಿದಳು. ಒಬ್ಬ ಕೇಳಿದ, ಅಕ್ಬರ ಬಾದಶಹ ಆಮೇಲೆ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ ಎಂದು ಹೇಳಿದೆ.