ಕಾಡುಜ್ವರದ ನಡುವೆ ಎಂಟು ವರ್ಷ: ಕಂಬಂ ಕಣಿವೆಯ ಪೆನ್ನಿಕ್ವಿಕ್

ಸಂಕ್ರಾಂತಿಯ ಹೊತ್ತಿಗೆ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಗೆ ಹೋದವರಿಗೆ ಒಂದು ಅಪರೂಪದ ದೃಶ್ಯ ಕಾಣಸಿಗುತ್ತದೆ. ರೈತರು ಹೊಸ ಅಕ್ಕಿಯ ಪೊಂಗಲ್ ಬೇಯಿಸಿ, ಹಾರ ಹಾಕಿ ಕೈಮುಗಿಯುವುದು ಒಬ್ಬ ಬ್ರಿಟಿಷ್ ಎಂಜಿನಿಯರ್‌ನ ಚಿತ್ರಕ್ಕೆ. ಆತನೇ ಕರ್ನಲ್ ಜಾನ್ ಪೆನ್ನಿಕ್ವಿಕ್. ಜನವರಿ 15 ಅವರ ಹುಟ್ಟುಹಬ್ಬವೂ ಹೌದು. ಕಣಿವೆಯಲ್ಲಿ ಮಕ್ಕಳಿಗೆ ಆ ಹೆಸರಿಟ್ಟವರಿದ್ದಾರೆ. ಇಂದಿಗೂ ಮನೆಯೊಳಗೆ ಕನ್ನಡವನ್ನೇ ಆಡುವ ಕಪ್ಪಿಲಿಯ ಒಕ್ಕಲಿಗರು ಇಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಅವರ ಗದ್ದೆಗಳಿಗೂ ಇದೇ ನೀರು.

ಪೆನ್ನಿಕ್ವಿಕ್ ಹುಟ್ಟಿದ್ದು 1841ರಲ್ಲಿ, ಪುಣೆಯಲ್ಲಿ. ತಂದೆ ಬ್ರಿಗೇಡಿಯರ್. 1849ರ ಜನವರಿ 13ರಂದು ಚಿಲಿಯನ್‌ವಾಲಾ ಯುದ್ಧದಲ್ಲಿ ತಂದೆಯೂ ಅಣ್ಣ ಅಲೆಕ್ಸಾಂಡರನೂ ಒಂದೇ ದಿನ ಸತ್ತರು. ಹುಡುಗನಿಗೆ ಎಂಟು ತುಂಬಲು ಇನ್ನೆರಡು ದಿನ ಬಾಕಿ ಇತ್ತು. ಇಂಗ್ಲೆಂಡಿನಲ್ಲಿ ಓದಿ, ಮದರಾಸಿನ ಸೇನಾ ಎಂಜಿನಿಯರುಗಳ ದಳ ಸೇರಿ 1860ರಲ್ಲಿ ಮತ್ತೆ ಇಲ್ಲಿಗೆ ಬಂದರು. 1868ರಲ್ಲಿ ಅಬಿಸೀನಿಯಾದ ದಂಡಯಾತ್ರೆಗೂ ಹೋಗಿ ಬಂದರು.

1876-78ರ ಭೀಕರ ಬರ ಮಧುರೆ ಸೀಮೆಯನ್ನೂ ಕಾಡಿತು. ವೈಗೈ ನದಿ ಒಣಗಿ ಮಲಗಿತ್ತು. ಬೆಟ್ಟದ ಆಚೆ ಬದಿಯಲ್ಲಾದರೋ ಪೆರಿಯಾರ್ ತುಂಬಿ ಹರಿದು ಅರಬ್ಬಿ ಸಮುದ್ರ ಸೇರುತ್ತಿತ್ತು. ಆ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಚನೆ ಹೊಸದಲ್ಲ. 1850ರಲ್ಲಿ ಒಂದು ಸಣ್ಣ ಕಟ್ಟೆಯ ಕೆಲಸ ಶುರುವಾಗಿ ನಿಂತೇ ಹೋಗಿತ್ತು. ಕಾಡಿನ ಜ್ವರಕ್ಕೆ ಹೆದರಿದ ಕೂಲಿಗಳು ಹೆಚ್ಚು ಕೂಲಿ ಕೇಳಿದ್ದೇ ಕಾರಣ. ಅಂಥ ಜಾಗಕ್ಕೆ ಹೋಗುವ ಹೊಣೆ ಪೆನ್ನಿಕ್ವಿಕ್ ಪಾಲಿಗೆ ಬಂತು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನದೊಂದಿಗೆ 999 ವರ್ಷಗಳ ಗುತ್ತಿಗೆ ಕರಾರಾಯಿತು. ಮರುವರ್ಷ ಕೆಲಸ ಆರಂಭವಾಯಿತು.

ಹತ್ತಿರದ ರೈಲು ನಿಲ್ದಾಣ ಎಂದರೆ ದಿಂಡಿಗಲ್ ಕಡೆಯ ಅಮ್ಮಯನಾಯಕ್ಕನೂರು, ಅಂದರೆ ಇಂದಿನ ಕೊಡೈಕೆನಾಲ್ ರೋಡ್. ಅಲ್ಲಿಂದ ಸಾಮಾನು ಎತ್ತಿನ ಗಾಡಿಯಲ್ಲಿ ಇಡೀ ಕಂಬಂ ಕಣಿವೆ ದಾಟಿ ಬರಬೇಕು. ಮುಂದೆ ಘಟ್ಟಕ್ಕೆ ತಂತಿಹಗ್ಗದ ಮೇಲೆ, ಆಮೇಲೆ ದೋಣಿಯಲ್ಲಿ. ಅಕ್ಕಿ ಬೇಳೆ ಕೂಡ ಕೆಳಗಿನಿಂದಲೇ ಹತ್ತಬೇಕಿತ್ತು. ಮೇಲೆ ಬಿಡದ ಮಳೆ, ಜಿಗಣೆ, ಕಾಡಾನೆ. ಹೊಳೆಗೆ ಅಡ್ಡ ಕಟ್ಟಿದ ತಾತ್ಕಾಲಿಕ ಒಡ್ಡುಗಳನ್ನು ಪ್ರವಾಹ ಮತ್ತೆ ಮತ್ತೆ ಕೊಚ್ಚಿಕೊಂಡು ಹೋಯಿತು. ಮದರಾಸ್ ಪಯೋನಿಯರ್ಸ್‌ನ ಸಿಪಾಯಿಗಳು, ಕೊಚ್ಚಿಯಿಂದ ಬಂದ ಪೋರ್ಚುಗೀಸ್ ಮೂಲದ ಬಡಗಿಗಳು, ಕೆಳಗಿನ ಊರುಗಳ ಕೂಲಿಗಳು ಎಲ್ಲರೂ ಸೇರಿ ಅದನ್ನು ಮತ್ತೆ ಕಟ್ಟಿದರು. ಅಂಥ ಚಳಿಮಳೆಯಲ್ಲಿ ಕೂಲಿಗಳನ್ನು ಹಿಡಿದಿಟ್ಟದ್ದು ಸಾರಾಯಿ ಎಂಬ ಮಾತೂ ಇದೆ!

ಎಲ್ಲಕ್ಕಿಂತ ದೊಡ್ಡ ಶತ್ರು ಮಲೇರಿಯಾ. ಆ ಜ್ವರ ಸೊಳ್ಳೆಯಿಂದ ಬರುತ್ತದೆ ಎಂಬುದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಜೌಗು ನೆಲದ ಕೆಟ್ಟ ಗಾಳಿಯೇ ಕಾರಣ ಎಂದು ಬಹಳ ಜನ ನಂಬಿದ್ದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡದ್ದು 1897ರ ಆಗಸ್ಟ್‌ನಲ್ಲಿ. ಅಣೆಕಟ್ಟು ಮುಗಿದು ಆಗಲೇ ಎರಡು ವರ್ಷವಾಗಿತ್ತು. ಕಾಡು ಸುತ್ತುವ ಆಸೆಯುಳ್ಳ ಇಂದಿನ ಯುವಕರ ಚೀಲದಲ್ಲಿ ಸೊಳ್ಳೆಪರದೆ ಇರುತ್ತದೆ, ಮಾತ್ರೆ ಇರುತ್ತದೆ. ಅಲ್ಲಿದ್ದವರು ಶತ್ರು ಯಾರೆಂದೇ ತಿಳಿಯದೆ ರಾತ್ರಿ ಕಳೆಯುತ್ತಿದ್ದರು. ದಾಖಲೆಯ ಪ್ರಕಾರ ಕಾಯಿಲೆಯಿಂದಲೇ ಸತ್ತವರು 483 ಮಂದಿ. ಅಣೆಕಟ್ಟಿನ ಉತ್ತರಕ್ಕೆ, ಅಲ್ಲೇ ಅವರನ್ನು ಮಣ್ಣು ಮಾಡಲಾಯಿತು. ಪೆನ್ನಿಕ್ವಿಕ್ ಹೆಸರು ಕಣಿವೆಯ ಮನೆಮಾತು. ಈ 483 ಮಂದಿಯ ಹೆಸರು ಹೇಳಬಲ್ಲವರು ಮಾತ್ರ ಸಿಗುವುದಿಲ್ಲ.

1895ರ ಅಕ್ಟೋಬರ್ 10ರಂದು ಮದರಾಸ್ ಗವರ್ನರ್ ಲಾರ್ಡ್ ವೆನ್‌ಲಾಕ್ ಅಣೆಕಟ್ಟನ್ನು ಉದ್ಘಾಟಿಸಿದರು. ಸುಣ್ಣ, ಸುರ್ಕಿ, ಮರಳು ಮತ್ತು ಕಲ್ಲಿನ ಈ ಕಟ್ಟಡ ಅಡಿಪಾಯದಿಂದ 176 ಅಡಿ ಎತ್ತರ, 1,200 ಅಡಿ ಉದ್ದ. ಬೆಟ್ಟ ಕೊರೆದ ಒಂದು ಮೈಲಿಗೂ ಮಿಕ್ಕಿದ ಸುರಂಗದ ಮೂಲಕ ನೀರು ಈಚೆಗೆ ಇಳಿಯಿತು. ಮುಂದೆ ವೈಗೈ ಸೇರಿ, ದಿಂಡಿಗಲ್ ಜಿಲ್ಲೆಯ ಪೇರಣೈಯಿಂದ ಕಾಲುವೆ ಹಿಡಿದು ಮಧುರೆಯತ್ತ ಹರಿಯುತ್ತದೆ.

ಹಣ ಸಾಲದಾದಾಗ ಪೆನ್ನಿಕ್ವಿಕ್ ಇಂಗ್ಲೆಂಡಿನ ತಮ್ಮ ಆಸ್ತಿ ಮಾರಿ ಕೆಲಸ ಮುಗಿಸಿದರು ಎಂಬ ಕತೆ ಕಣಿವೆಯ ಊರೂರಲ್ಲಿ ಕೇಳಿಬರುತ್ತದೆ. ಇದಕ್ಕೆ ದಾಖಲೆಯ ಆಧಾರವಿಲ್ಲ ಎನ್ನುವ ಸಂಶೋಧಕರಿದ್ದಾರೆ. ಯೋಜನೆ ಸರ್ಕಾರದ್ದೇ ಆಗಿತ್ತು. ಆದರೂ ಕತೆ ಸಾಯುವುದಿಲ್ಲ. ಆಸ್ತಿ ಮಾರದಿದ್ದರೂ ಅವರ ಸಾಧನೆ ಕಡಿಮೆಯಾಗುವುದಿಲ್ಲ ಎಂಬುದು ಬೇರೆ ಮಾತು.

ನಂತರ ಪೆನ್ನಿಕ್ವಿಕ್ ಇಂಗ್ಲೆಂಡಿಗೆ ಮರಳಿ 1896ರಿಂದ 1899ರವರೆಗೆ ಕೂಪರ್ಸ್ ಹಿಲ್ ಎಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥರಾಗಿದ್ದರು. ಆಸ್ಟ್ರೇಲಿಯಾದ ಬ್ರಿಸ್ಬೇನ್ ನದಿಯ ಪ್ರವಾಹದ ಬಗ್ಗೆಯೂ ಸಲಹೆ ಕೊಟ್ಟರು. 1911ರ ಮಾರ್ಚ್ 9ರಂದು ಕ್ಯಾಂಬರ್ಲಿಯಲ್ಲಿ ತೀರಿಕೊಂಡಾಗ ಅವರಿಗೆ 70 ವರ್ಷ. 2013ರಲ್ಲಿ ಘಟ್ಟದ ಬುಡದ ಲೋಯರ್ ಕ್ಯಾಂಪ್‌ನಲ್ಲಿ ತಮಿಳುನಾಡು ಸರ್ಕಾರ ಸ್ಮಾರಕ ಮಂಟಪ ಕಟ್ಟಿಸಿತು. 2022ರಲ್ಲಿ ಕ್ಯಾಂಬರ್ಲಿಯಲ್ಲೂ ಪ್ರತಿಮೆ ನಿಂತಿತು. ಕುಮಳಿ ರಸ್ತೆಯಲ್ಲಿ ತೇಕಡಿಗೆ ಹೋಗುವ ಪ್ರವಾಸಿಗಳು ಈ ಮಂಟಪದ ಮುಂದೆಯೇ ಹಾದುಹೋಗುತ್ತಾರೆ. ಅವರು ದೋಣಿವಿಹಾರ ಮಾಡುವ ತೇಕಡಿಯ ಸರೋವರ ಇದೇ ಅಣೆಕಟ್ಟಿನ ಹಿನ್ನೀರು.