ಜೀವಕೋಶದ ಶಕ್ತಿ ಕಂಡ ಸುಬ್ಬರಾವ್

ಮಕ್ಕಳೇ, ನೀವು ಕಬಡ್ಡಿ ಆಡುವಾಗ ಸ್ನಾಯುಗಳಿಗೆ ಶಕ್ತಿ ಒದಗಿಸುವ ವಸ್ತು ಯಾವುದು ಗೊತ್ತೇ? ಅದೇ ಎ.ಟಿ.ಪಿ. ಇದನ್ನು ಕಂಡುಹಿಡಿದವರಲ್ಲಿ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು.

ಅವರು 1895ರಲ್ಲಿ ಭೀಮವರಂನಲ್ಲಿ ಹುಟ್ಟಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪಾಸಾದರು. ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಶಸ್ತ್ರಚಿಕಿತ್ಸೆಯ ಆಂಗ್ಲ ಪ್ರಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸಿಕ್ಕಿತು! ಇದರ ಜೊತೆಗೆ, ಸ್ಪ್ರೂ ಎಂಬ ಕರುಳಿನ ರೋಗ ಅವರ ಇಬ್ಬರು ಸೋದರರನ್ನು ಬಲಿ ತೆಗೆದುಕೊಂಡಿತು.

1923ರಲ್ಲಿ ಅಮೆರಿಕದ ಬಾಸ್ಟನ್ ತಲುಪಿ, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆಗೂಡಿ ಸ್ನಾಯುವಿನಲ್ಲಿ ಎ.ಟಿ.ಪಿ. ಪತ್ತೆ ಮಾಡಿದ್ದು 1929ರಲ್ಲಿ. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಪ್ರತ್ಯೇಕವಾಗಿ ಕಂಡುಹಿಡಿದರು. ಎ.ಟಿ.ಪಿ.ಯ ಬಹುಪಾಲನ್ನು ತಯಾರಿಸುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಪ್ರೋಟೀನುಗಳು ಎಂಬುದು ತಿಳಿದದ್ದು ಆಮೇಲೆ.

ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಅಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲ ತಯಾರಿಸಿತು. ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು. ಸೋದರರ ಪಾಲಿಗೆ ಮಾತ್ರ ತಡವಾಗಿತ್ತು.

ಇನ್ನೊಂದು ಸ್ವಾರಸ್ಯ ಕೇಳಿ. ಒಂದು ಜೀವಕೋಶ ಎರಡಾಗಲು ಫೋಲಿಕ್ ಆಮ್ಲ ಬೇಕು. ಕ್ಯಾನ್ಸರ್ ಕೋಶಗಳಂತೂ ಎಡೆಬಿಡದೆ ವಿಭಜನೆಯಾಗುತ್ತವೆ. ಅವುಗಳಿಗೆ ಫೋಲಿಕ್ ಆಮ್ಲವನ್ನೇ ಹೋಲುವ ನಕಲಿ ವಸ್ತು ಕೊಟ್ಟರೆ? ಬೀಗದಲ್ಲಿ ತಪ್ಪು ಕೀಲಿಕೈ ಸಿಕ್ಕಿಕೊಂಡ ಹಾಗೆ ಕೆಲಸ ನಿಲ್ಲುತ್ತದೆ! ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್ ಎಂಬ ಇಂಥ ಮದ್ದುಗಳನ್ನು ತಂಡ ತಯಾರಿಸಿತು. ವೈದ್ಯ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಕೊಟ್ಟಾಗ ರಕ್ತಕ್ಯಾನ್ಸರ್ ಇದ್ದ ಕೆಲವು ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. 1948ರಲ್ಲಿ ಈ ವರದಿ ಪ್ರಕಟವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಆಗ ಅವರಿಗೆ 53 ವರ್ಷ.

ಆಸ್ಟಿಯೋಸಾರ್ಕೋಮ ಎಂಬ ಮೂಳೆ ಕ್ಯಾನ್ಸರ್ ಇದೆ. ಇದು ಅಪರೂಪದ ಕಾಯಿಲೆ. ಹೆಚ್ಚಾಗಿ ಹದಿಹರೆಯದವರ ಮೊಣಕಾಲಿನ ಬಳಿ ಕಾಣಿಸಿಕೊಳ್ಳುತ್ತದೆ. 1970ರ ದಶಕದಿಂದ ಇದಕ್ಕೆ ಮೆಥೊಟ್ರೆಕ್ಸೇಟನ್ನು ಭಾರಿ ಪ್ರಮಾಣದಲ್ಲಿ ಕೊಡುತ್ತಾರೆ. ಬಳಿಕ ಆರೋಗ್ಯವಂತ ಕೋಶಗಳನ್ನು ಕಾಪಾಡಲು ಕೊಡುವುದು ಏನನ್ನು ಗೊತ್ತೇ? ಫೋಲಿಕ್ ಆಮ್ಲದ್ದೇ ಇನ್ನೊಂದು ರೂಪವನ್ನು!

ಈಗ ವಿಜ್ಞಾನಿಗಳು ಎ.ಟಿ.ಪಿ.ಯ ಕಡೆಗೂ ನೋಡುತ್ತಿದ್ದಾರೆ. ಮೂಳೆ ಕ್ಯಾನ್ಸರ್ ಕೋಶಗಳ ಮೈಟೊಕಾಂಡ್ರಿಯದ ಪ್ರೋಟೀನುಗಳನ್ನು ತಡೆದು, ಅವಕ್ಕೆ ಶಕ್ತಿ ಸಿಗದಂತೆ ಮಾಡಬಹುದೇ ಎಂದು ಪ್ರಯೋಗಾಲಯಗಳಲ್ಲಿ ಪರೀಕ್ಷೆಗಳು ನಡೆದಿವೆ. ಆರೋಗ್ಯವಂತ ಕೋಶಗಳಿಗೂ ಎ.ಟಿ.ಪಿ. ಬೇಕಲ್ಲ, ತೊಡಕಿರುವುದು ಅಲ್ಲೇ.