ಪಂಡಿತ ನೈನಸಿಂಗ ರಾವತ

ಶಾಲೆಯ ಗೋಡೆಯ ಮೇಲೆ, ಕಚೇರಿಯ ಮೇಜಿನ ಮೇಲೆ ಭೂಪಟವನ್ನು ದಿನಾಲು ನೋಡುವ ನಮ್ಮಲ್ಲಿ, ಅದರೊಳಗಿನ ಗೆರೆಗಳನ್ನು ಎಳೆಯುವದಕ್ಕಾಗಿ ಯಾರ ಕಾಲು ಸವೆದವೆಂದು ಕೇಳುವವರು ವಿರಳ. ಗೌರೀಶಂಕರವೆಂದು ಹಿಂದೆ ಕೆಲವರು ತಪ್ಪಾಗಿ ಕರೆದ ಜಗತ್ತಿನ ಅತ್ಯುಚ್ಚ ಶಿಖರಕ್ಕೆ ಇಂಗ್ಲಿಷ್ ಮೋಜಣಿ ಅಧಿಕಾರಿಯೊಬ್ಬನ ಹೆಸರು ಅಂಟಿಕೊಂಡಿದೆ. ಅದರ ಆಚೆಯ ತಿಬೇಟದಲ್ಲಿ ಲ್ಹಾಸಾ ನಗರದ ಸ್ಥಾನವನ್ನು ನಂಬತಕ್ಕ ರೀತಿಯಲ್ಲಿ ನಿರ್ಣಯಿಸಿಕೊಟ್ಟ ಭಾರತೀಯನಾದರೋ ಬಹುಕಾಲ ಬರಿಯ ಪಂಡಿತನೆಂಬ ಸಂಜ್ಞೆಯ ಹಿಂದೆ ಮರೆಯಾಗಿ ಉಳಿದನು. ಆ ಪಂಡಿತರಾದ ನೈನಸಿಂಗ ರಾವತರ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುವದು ಉಚಿತವೆಂದು ಭಾವಿಸುತ್ತೇವೆ.

ನೈನಸಿಂಗರು 1830ರಲ್ಲಿ ಕುಮಾವೂ ಪ್ರಾಂತದ ಜೋಹಾರ ಕಣಿವೆಯಲ್ಲಿ ಹುಟ್ಟಿದರು. ಅವರ ಊರಾದ ಮಿಲಮವು ಗೋರಿಗಂಗೆಯು ಹುಟ್ಟುವ ಹಿಮನದಿಯ ಬುಡದಲ್ಲಿದೆ. ಅಲ್ಲಿಯ ಜನರು ಬೇಸಿಗೆಯಲ್ಲಿ ಘಟ್ಟ ದಾಟಿ ತಿಬೇಟದ ಪಶ್ಚಿಮ ಭಾಗಕ್ಕೆ ಹೋಗಿ ಧಾನ್ಯ ಕೊಟ್ಟು ಉಪ್ಪು, ಉಣ್ಣೆಗಳನ್ನು ತರುತ್ತಿದ್ದರು. ಆ ಕಾರಣ ತಿಬೇಟದ ಭಾಷೆಯೂ ನಡೆನುಡಿಯೂ ಅವರಿಗೆ ಬಾಲ್ಯದಿಂದಲೇ ಪರಿಚಿತವಾಗಿದ್ದವು. ಯೌವನದಲ್ಲಿ ಜರ್ಮನಿಯ ಶ್ಲಾಗಿಂಟ್ವೈಟ್ ಸಹೋದರರ ಸಂಶೋಧನಾ ಪ್ರವಾಸದಲ್ಲಿ ಕೆಲಸ ಮಾಡಿ, ಮುಂದೆ ತಮ್ಮ ಊರಿನ ಶಾಲೆಯಲ್ಲಿ ಉಪಾಧ್ಯಾಯರಾದರು. ಪಂಡಿತನೆಂಬ ಹೆಸರು ಬಂದದ್ದು ಈ ಉಪಾಧ್ಯಾಯಿಕೆಯಿಂದಲೇ.

ಆ ಕಾಲದ ಮೋಜಣಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1800ರಲ್ಲಿ ಲ್ಯಾಂಬ್ಟನ್ ಎಂಬವನು ನಮ್ಮ ಬೆಂಗಳೂರಿನ ಬಯಲಿನಲ್ಲಿಯೇ ಸರಪಳಿ ಹಿಡಿದು ಒಂದು ಆಧಾರರೇಖೆಯನ್ನು ಅಳೆದನು. ಅಲ್ಲಿಂದ ಮೊದಲಾದ ತ್ರಿಕೋಣ ಮೋಜಣಿಯು ಕ್ರಮವಾಗಿ ಉತ್ತರಕ್ಕೆ ಬೆಳೆದು ಹಿಮಾಲಯವನ್ನು ಮುಟ್ಟಿತು. ಆದರೆ ತ್ರಿಕೋಣ ಕಟ್ಟುವದಕ್ಕೆ ಬೆಟ್ಟದ ನೆತ್ತಿಯ ಮೇಲೆ ಭಾರವಾದ ಯಂತ್ರಗಳನ್ನು ಬಹಿರಂಗವಾಗಿ ನಿಲ್ಲಿಸಬೇಕು. ತಿಬೇಟವಾದರೋ ಪರಕೀಯರಿಗೆ ಬಾಗಿಲು ಮುಚ್ಚಿದ ದೇಶ. ಅಳತೆಗಾರನೆಂದು ತಿಳಿದರೆ ಪ್ರಾಣಕ್ಕೇ ಸಂಚಕಾರ. ಆಗ ಮೋಜಣಿ ಖಾತೆಯ ಮಾಂಟ್ಗೊಮೆರಿ ಎಂಬ ಅಧಿಕಾರಿಯು, ಗಡಿನಾಡಿನ ಭಾರತೀಯರಿಗೆ ಶಿಕ್ಷಣ ಕೊಟ್ಟು ವೇಷ ಮರೆಸಿ ಕಳಿಸುವ ಉಪಾಯವನ್ನು ಹೂಡಿದನು. 1863ರಲ್ಲಿ ನೈನಸಿಂಗರೂ ಅವರ ದಾಯಾದಿ ಮಾನಿಸಿಂಗರೂ ಡೆಹರಾಡೂನಿಗೆ ಬಂದು ಅಭ್ಯಾಸಕ್ಕೆ ತೊಡಗಿದರು.

ಅವರ ಉಪಕರಣಗಳು ಎಂಥವು? ಮೊದಲನೆಯದು ಕಾಲು. ಏರು, ಇಳಿ, ಮಂಜು, ಮರಳು ಏನೇ ಇರಲಿ, ಹೆಜ್ಜೆಯು ಒಂದೇ ಉದ್ದವಾಗಿ ಬೀಳುವಂತೆ ಅಭ್ಯಾಸ ಮಾಡಿಸಿದ್ದರು. ಸುಮಾರು ಎರಡು ಸಾವಿರ ಹೆಜ್ಜೆಗೆ ಒಂದು ಮೈಲು. ಎಣಿಕೆ ತಪ್ಪದಿರಲೆಂದು ಕೈಯಲ್ಲಿ ಜಪಮಾಲೆ. ಶಾಸ್ತ್ರದ ಮಾಲೆಯಲ್ಲಿ 108 ಮಣಿಗಳಿದ್ದರೆ ಇದರಲ್ಲಿ 100 ಮಾತ್ರ! ನೂರು ಹೆಜ್ಜೆಗೊಂದು ಮಣಿ ಜಾರಿಸಿದರೆ, ಮಾಲೆ ಒಂದು ಸುತ್ತು ತಿರುಗುವಷ್ಟರಲ್ಲಿ ಹತ್ತು ಸಾವಿರ ಹೆಜ್ಜೆ, ಅಂದರೆ ಐದು ಮೈಲು ಆಯಿತು. ಬೌದ್ಧರು ತಿರುಗಿಸುವ ಜಪಚಕ್ರದೊಳಗೆ ಮಂತ್ರದ ಸುರುಳಿಯ ಬದಲು ದಿಕ್ಕು, ದೂರಗಳನ್ನು ಬರೆದ ಚೀಟಿಗಳಿದ್ದವು. ಜಪದಲ್ಲಿರುವವನನ್ನು ಮಾತನಾಡಿಸುವದು ಸಭ್ಯತೆಯಲ್ಲವಾದ್ದರಿಂದ ಎಣಿಕೆಗೂ ಭಂಗವಿಲ್ಲ.

ಅಕ್ಷಾಂಶವನ್ನು ತಿಳಿಯುವ ಬಗೆ ಇನ್ನೂ ಸೂಕ್ಷ್ಮವಾದದ್ದು. ನಕ್ಷತ್ರವು ಕ್ಷಿತಿಜದಿಂದ ಎಷ್ಟು ಮೇಲಿದೆಯೆಂದು ಅಳೆಯಬೇಕು. ಬೆಟ್ಟಗಳ ನಡುವೆ ಕ್ಷಿತಿಜವೆಲ್ಲಿ ಬಂತು? ಅದಕ್ಕಾಗಿ ಪಾದರಸವನ್ನು ಕವಡೆಗಳಲ್ಲಿ ತುಂಬಿ ಮೇಣದಿಂದ ಮುಚ್ಚಿ ಒಯ್ಯುತ್ತಿದ್ದರು. ರಾತ್ರಿ ಅದನ್ನು ಯಾತ್ರಿಕರ ಮರದ ಬಟ್ಟಲಿಗೆ ಸುರಿದರೆ ಅಲುಗದ ಕನ್ನಡಿಯಾಗುವದು. ನಕ್ಷತ್ರಕ್ಕೂ ಅದರ ಪ್ರತಿಬಿಂಬಕ್ಕೂ ನಡುವಿನ ಕೋನವನ್ನು, ಪೆಟ್ಟಿಗೆಯ ಕಳ್ಳಗೂಡಿನಲ್ಲಿ ಬಚ್ಚಿಟ್ಟ ಸೆಕ್ಸ್‌ಟಂಟ್ ಯಂತ್ರದಿಂದ ಅಳೆದು ಅರ್ಧಿಸಿದರೆ ನಕ್ಷತ್ರದ ಔನ್ನತ್ಯವು ದೊರೆಯಿತು. ಸ್ಥಳದ ಎತ್ತರಕ್ಕೆ ಕುದಿನೀರೇ ಸಾಕ್ಷಿ. ಮೇಲೆ ಹೋದಂತೆ ನೀರು ಕಡಿಮೆ ಉಷ್ಣದಲ್ಲಿಯೇ ಕುದಿಯುವದರಿಂದ, ಸ್ಥೂಲವಾಗಿ 550 ಅಡಿಗೆ ಒಂದು ಫ್ಯಾರನ್‌ಹೀಟ್ ಅಂಶದಂತೆ ಲೆಕ್ಕ ಹಿಡಿಯಬಹುದು.

1865ರ ಆರಂಭದಲ್ಲಿ ಹೊರಟ ಈ ದಾಯಾದಿಗಳು ನೇಪಾಳದ ಗಡಿಯಲ್ಲಿ ಸಂಶಯಕ್ಕೊಳಗಾಗಿ ಹಿಂದೆ ಬರಬೇಕಾಯಿತು. ಮಾನಿಸಿಂಗರು ಬೇರೆ ದಾರಿ ಹಿಡಿದರು. ನೈನಸಿಂಗರು ಎದೆಗುಂದದೆ ಲಢಾಕದ ವರ್ತಕರ ತಂಡವನ್ನು ಸೇರಿಕೊಂಡು, 1866ರ ಜನವರಿಯಲ್ಲಿ ಲ್ಹಾಸಾ ಪಟ್ಟಣವನ್ನು ಹೊಕ್ಕರು. ಕೈಯಲ್ಲಿದ್ದ ಹಣ ತೀರಿದಾಗ ನೇಪಾಳಿ ವ್ಯಾಪಾರಿಗಳಿಗೆ ಲೆಕ್ಕ ಬರೆಯುವ ನಮ್ಮ ಪದ್ಧತಿಯನ್ನು ಕಲಿಸಿ ಹೊಟ್ಟೆ ಹೊರೆದುಕೊಂಡರು. ಮೇಷ್ಟರ ವಿದ್ಯೆ ಎಲ್ಲಿಯೂ ಕೈಬಿಡುವದಿಲ್ಲ! ಅಪ್ಪಣೆಯಿಲ್ಲದೆ ಬಂದವನೊಬ್ಬನ ಶಿರಚ್ಛೇದವನ್ನು ಬೀದಿಯಲ್ಲಿ ಕಣ್ಣಾರೆ ಕಂಡ ಮೇಲೆ ಅವರು ಹೊರಗೆ ತಿರುಗುವದನ್ನೇ ಕಡಿಮೆ ಮಾಡಿದರು. ಏಪ್ರಿಲ್ ತಿಂಗಳಲ್ಲಿ ಹೊರಟು, ಸಾಂಗ್ಪೋ ನದಿಯ ಗುಂಟ ಪಶ್ಚಿಮಕ್ಕೆ ನಡೆದು ಮಾನಸ ಸರೋವರದ ಮಾರ್ಗವಾಗಿ ಸ್ವದೇಶವನ್ನು ಸೇರಿದರು. ಅಳೆದ ದಾರಿ ಸುಮಾರು 1200 ಮೈಲು. ಅಂದರೆ 24 ಲಕ್ಷ ಹೆಜ್ಜೆಗಳ ಎಣಿಕೆ.

ಈ ಎಣಿಕೆಯು ಎಷ್ಟರ ಮಟ್ಟಿಗೆ ನಂಬತಕ್ಕದ್ದೆಂದು ಅಧಿಕಾರಿಗಳು ಕೇಳಿದರೆ ಆಶ್ಚರ್ಯವಿಲ್ಲ. ಹೆಜ್ಜೆಯ ಲೆಕ್ಕದ ದೋಷವೆಂದರೆ, ಇಂದಿನ ಸಣ್ಣ ತಪ್ಪು ನಾಳಿನದರ ಮೇಲೆ ಕೂಡುತ್ತ ಹೋಗುವದು. ಅದನ್ನು ತಡೆಯುವದಕ್ಕೆ ಅಕ್ಷಾಂಶವೇ ಅಂಕುಶ. ಎರಡು ಊರುಗಳ ಅಕ್ಷಾಂಶ ಗೊತ್ತಾದರೆ ಅವುಗಳ ನಡುವಿನ ಉತ್ತರ ದಕ್ಷಿಣದ ಅಂತರವೂ ಗೊತ್ತಾಯಿತು. ಅದಕ್ಕೆ ಹೆಜ್ಜೆಯ ಮೊತ್ತವನ್ನು ತಾಳೆ ನೋಡಿ ಹೆಜ್ಜೆಯ ನಿಜವಾದ ಉದ್ದವನ್ನು ಗೊತ್ತುಮಾಡಿದರು. ಪೂರ್ವ ಪಶ್ಚಿಮದ ಅಳತೆಗೆ ಈ ಆಸರೆಯಿಲ್ಲದ್ದರಿಂದ ಅಲ್ಲಿ ಕೊರತೆ ಉಳಿಯಿತು. ಲ್ಹಾಸಾಕ್ಕೆ ಅವರ ವೇಧೆಗಳಿಂದ ಬಂದ ಅಕ್ಷಾಂಶವು 29 ಅಂಶ 39 ಕಲೆ. ಇಂದಿನ ಭೂಪಟದಲ್ಲಿಯೂ ಅದೇ ಇದೆ. ಎತ್ತರವು ಸುಮಾರು 11,700 ಅಡಿಯೆಂದು ಬಂತು. ಇಂದಿನ ಲೆಕ್ಕಕ್ಕಿಂತ ಕೆಲವು ನೂರು ಅಡಿ ಕಡಿಮೆ. ಉಪಗ್ರಹಗಳು ಮೇಲಿನಿಂದ ತೆಗೆದ ಚಿತ್ರಗಳನ್ನು ಭೂಪಟಕ್ಕೆ ಹೊಂದಿಸುವ ನಮ್ಮ ಕಾಲದ ಶಾಸ್ತ್ರಜ್ಞರೂ, ನೆಲದ ಮೇಲೆ ಸ್ಥಾನ ನಿಶ್ಚಿತವಾದ ಬಿಂದುಗಳನ್ನು ಹಿಡಿದೇ ಅವುಗಳನ್ನು ತಿದ್ದುತ್ತಾರೆ. ಪಂಡಿತರು ಬಟ್ಟಲಿನಲ್ಲಿ ನಕ್ಷತ್ರ ಕಂಡ ಠಾವುಗಳು ಆ ಕಾಲಕ್ಕೆ ಅಂಥ ಬಿಂದುಗಳಾಗಿದ್ದವು.

1867ರಲ್ಲಿ ಅವರು ಥೋಕ್ ಜಾಲುಂಗದ ಚಿನ್ನದ ಗಣಿಗಳನ್ನು ಕಂಡು ಬಂದರು. 1874ರಲ್ಲಿ ಲೇಹದಿಂದ ಹೊರಟು, ಕುರಿಗಳ ಬೆನ್ನಿನ ಮೇಲೆ ಸಾಮಾನು ಹೇರಿ ಉತ್ತರದ ನಿರ್ಜನ ಪ್ರಸ್ಥಭೂಮಿಯನ್ನು ದಾಟಿ, ಎರಡನೆಯ ಸಲ ಲ್ಹಾಸಾ ಕಂಡು, ತವಾಂಗದ ಮೇಲಿಂದ 1875ರಲ್ಲಿ ಅಸ್ಸಾಮದ ಉದಲಗುಡಿಯನ್ನು ಮುಟ್ಟಿದರು. ಸುಮಾರು 1400 ಮೈಲುಗಳ ಆ ಪ್ರವಾಸವು ಅವರ ದೇಹವನ್ನೂ ಕಣ್ಣುಗಳನ್ನೂ ದಣಿಸಿಬಿಟ್ಟಿತು. 1877ರಲ್ಲಿ ಲಂಡನ್ನಿನ ರಾಯಲ್ ಭೂಗೋಲ ಸಂಘವು ಅವರಿಗೆ ಸುವರ್ಣ ಪದಕವನ್ನಿತ್ತಿತು. ಸರಕಾರವೂ ಭೂಮಿಯನ್ನು ಕೊಟ್ಟಿತು. ಸ್ವತಂತ್ರ ಭಾರತದ ಅಂಚೆ ಖಾತೆಯು ಅವರ ಚಿತ್ರದ ಅಂಚೆ ಚೀಟಿ ಹೊರಡಿಸಲು 2004 ಬರಬೇಕಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆವು. ನೈನಸಿಂಗರ ಪರಿಶ್ರಮದ ಫಲವು ಸೇರಿದ್ದು ಸಾಮ್ರಾಜ್ಯದ ಬೊಕ್ಕಸಕ್ಕೆ. 1904ರಲ್ಲಿ ಬ್ರಿಟಿಷ ಸೈನ್ಯವು ಲ್ಹಾಸಾಕ್ಕೆ ನುಗ್ಗಿದಾಗ ಆ ದೇಶದ ಭೂಗೋಲವು ಸೇನಾಪತಿಗಳಿಗೆ ಅಜ್ಞಾತವಾಗಿರಲಿಲ್ಲ. ನೈನಸಿಂಗರ ತರುವಾಯ ತಿಬೇಟಕ್ಕೆ ಹೋದ ಶರಚ್ಚಂದ್ರ ದಾಸರಿಗೆ ಆಶ್ರಯ ಕೊಟ್ಟ ತಪ್ಪಿಗಾಗಿ ಸೆಂಗ್ಚೆನ್ ಲಾಮಾ ಪ್ರಾಣವನ್ನೇ ತೆತ್ತನು. ಅನ್ನ ನೀಡಿದವರನ್ನು ವಂಚಿಸುವದು ಪಂಡಿತರ ಉದ್ಯೋಗದ ಒಂದು ಭಾಗವೇ ಆಗಿತ್ತು. ಆದರೂ ಆ ರಾಜಕಾರಣವನ್ನು ಗೊತ್ತುಮಾಡಿದವರು ಅವರಲ್ಲ. ಅದು ಡೆಹರಾಡೂನ, ಕಲಕತ್ತೆಗಳ ಕಚೇರಿಗಳ ಕೆಲಸ. ಕೊರೆಯುವ ಚಳಿಯಲ್ಲಿ ಕದ್ದು ಪಾದರಸ ಸುರಿದು ಕೋನ ಹಿಡಿದ ಜಾಣ್ಮೆಯಂತೂ ಅವರದೇ. ಅವರನ್ನು ಗೂಢಚಾರನೆಂದಷ್ಟೇ ಕರೆದು ಮುಗಿಸುವವರು ಅವರ ಶಾಸ್ತ್ರವನ್ನು ಓದಿಲ್ಲವೆಂದೇ ನಮ್ಮ ಅಭಿಪ್ರಾಯ.

ಸ್ವತಃ ನಡೆಯುವದು ಅಶಕ್ಯವಾದ ಮೇಲೆ ನೈನಸಿಂಗರು ಕಿರಿಯರನ್ನು ಈ ವಿದ್ಯೆಯಲ್ಲಿ ತರಬೇತುಗೊಳಿಸಿದರು. ಅವರ ದಾಯಾದಿ ಕಿಶನಸಿಂಗರು 1878ರಿಂದ 1882ರ ವರೆಗೆ ತಿಬೇಟ, ಮಂಗೋಲಿಯಗಳ ಅಂಚಿನಲ್ಲಿ ಸಂಚರಿಸಿದರು. ಒಮ್ಮೆ ಸಂಗಡಿಗರು ದರೋಡೆಕೋರರ ಭಯದಿಂದ ಎಲ್ಲರೂ ಕುದುರೆಯೇರಿ ಸಾಗತಕ್ಕದ್ದೆಂದು ಹಟ ಹಿಡಿಯಲು, ಕಿಶನಸಿಂಗರು ಕುದುರೆಯ ಮುಂಗಾಲಿನ ಹೆಜ್ಜೆಗಳನ್ನೇ ಎಣಿಸುತ್ತ ಅಳತೆಯನ್ನು ಮುಂದುವರಿಸಿದರು.